ನಮ್ಮ ಹೈಸ್ಕೂಲಿಗೆ ಬಂದು ಹೋದ ಎಲ್ಲರಿಗೂ ಶರಣು

ಭಾನುವಾರದ ಹಳೇ ವಿದ್ಯಾರ್ಥಿಗಳ ಕಾರ್ಯಕ್ರಮ ಮುಗಿದು ಇವತ್ತಿಗೆ ನಾಲ್ಕು ದಿನವಾಯಿತು. ನನ್ನ ಗಂಟಲು ಇನ್ನೂ ಕೂತೇ ಇದೆ. ಸರಿಯಾಗಿ ಊಟದ ಹೊತ್ತಿಗೆ ಕರೆಂಟು ಹೋಗಿ, ಮೈಕಿಲ್ಲದೆ "ಪಂಕ್ತಿಗೆ ಬರ್ರೀ" ಅಂತ ಕೂಗಿದ್ದು ನಾನೇ ಅಲ್ವಾ. ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳುವಷ್ಟು ದನಿ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬ್ಯಾಡಗಿ ಪಕ್ಕದ ನಮ್ಮ ಹೈಸ್ಕೂಲಿನ ಹಳೇ ಹುಡುಗರು, ಹುಡುಗಿಯರು (ಕೆಲವರಿಗೆ ಮೊಮ್ಮಕ್ಕಳಾಗಿದ್ದಾರೆ, ಇರಲಿ), ಪಾಠ ಹೇಳಿದ ಮಾಸ್ತರು, ಅಕ್ಕೋರು, ಎಲ್ಲರಿಗೂ ಶರಣು.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಮೂರು ತಿಂಗಳ ಹಿಂದೆ ನಾವು ನಾಲ್ಕು ಜನ ಹಾವೇರಿಯ ನನ್ನ ಜೆರಾಕ್ಸ್ ಅಂಗಡಿಯಲ್ಲಿ ಕೂತು ಚಹಾ ಕುಡಿಯುತ್ತಾ 'ಸಾಧಕರ ಪಟ್ಟಿ' ಅಂತ ಒಂದು ಮಾಡಿದೆವು. ಡಾಕ್ಟರ್, ಇಂಜಿನಿಯರ್, ಒಬ್ಬ ಪೊಲೀಸ್ ಸಾಹೇಬರು, ಬೆಂಗಳೂರಲ್ಲಿ ಕಂಪನಿ ಮಾಡಿದವರು. ಎಲ್ಲರ ಫೋಟೊ ಹಾಕಿ ಪಾಂಪ್ಲೆಟ್ಟೂ ಹೊಡೆಸಿದೆ. ಆಮೇಲೆ ಒಂದು ಸೋಮವಾರ ಬ್ಯಾಡಗಿ ಮೆಣಸಿನಕಾಯಿ ಪ್ಯಾಟಿಗೆ ಪಟ್ಟಿ (ಚಂದಾ) ಎತ್ತಲು ಹೋದೆ. ಅಲ್ಲಿ ಮುಖಕ್ಕೆ ಸೀರೆ ಸೆರಗು ಕಟ್ಟಿಕೊಂಡು, ಕೆಂಪು ರಾಶಿಯ ನಡುವೆ ತೊಟ್ಟು ಬಿಡಿಸುತ್ತಾ ಕೂತಿದ್ದ ಒಬ್ಬ ತಂಗಿ ಐವತ್ತು ರೂಪಾಯಿ ತೆಗೆದುಕೊಟ್ಟಳು. ಕೊಟ್ಟು ಕೇಳಿದಳು: "ಅಣ್ಣಾ, ಆ ಸಾಲ್ಯಾಗ ನಾನೂ ಒಂಬತ್ತನೇತ್ತಾ ತನಕ ಕಲ್ತೇನಿ. ರೊಕ್ಕ ಇಸ್ಕೊಂತೀರಿ, ಹೆಸರು ಬರ್ಕೊಳ್ಳಾಂಗಿಲ್ಲೇನು?"

ಪಟ್ಟಿ ಎತ್ತಲು ಹೋದವನಿಗೆ ನನ್ನ ಪಟ್ಟಿಯೇ ಸುಳ್ಳು ಅಂತ ಅಲ್ಲಿ ಗೊತ್ತಾಯಿತು. ಘಾಟು ಹೊಡೆದು ಕಣ್ಣಲ್ಲಿ ನೀರು ಬಂತು ಅಂತ ಜೊತೆಗಿದ್ದವರಿಗೆ ಹೇಳಿದೆ.

ಮರುದಿನ ಹೆಡ್‌ಮೇಡಂ ಹತ್ತಿರ ಹೋಗಿ ದಾಖಲಾತಿ ರಜಿಸ್ಟರ್ ಕೇಳಿದೆವು. ಬೀರು ತೆಗೆದು, ಧೂಳು ಕೊಡವಿ, ಎರಡು ದಿನ ನಮ್ಮ ಜೊತೆ ಕೂತಿದ್ದಕ್ಕೆ ಅವರಿಗೆ ದೊಡ್ಡ ಥ್ಯಾಂಕ್ಸ್. ಆ ರಜಿಸ್ಟರಿನಲ್ಲಿ 'ಶಾಲೆ ಬಿಟ್ಟ ಕಾರಣ' ಅಂತ ಒಂದು ಕಾಲಂ ಇದೆ. ಎಷ್ಟೋ ಹೆಸರುಗಳ ಮುಂದೆ ಒಂದೇ ಮಾತು, 'ಸತತ ಗೈರುಹಾಜರಿ'. ಬಿಟ್ಟ ದಿನಾಂಕ ನೋಡಿದರೆ ಜನವರಿ, ಫೆಬ್ರವರಿ, ಮಾರ್ಚ್. ಅಂದರೆ ಮೆಣಸಿನಕಾಯಿ ಸುಗ್ಗಿ. ಅವ್ವನ ಜೊತೆ ತೊಟ್ಟು ಬಿಡಿಸಲು ಹೋದ ಮಕ್ಕಳು ತಿರುಗಿ ಬಂದಿಲ್ಲ, ಅಷ್ಟೇ. ನಮ್ಮ ಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. ಆ ಬಣ್ಣ ತೆಗೆದು ಲಿಪ್‌ಸ್ಟಿಕ್‌ಗೂ ಹಾಕುತ್ತಾರಂತೆ, 2011ರಲ್ಲಿ ಜಿಐ ಟ್ಯಾಗೂ (ಇದು ಈ ಸೀಮೆಯದೇ ಬೆಳೆ ಅನ್ನುವ ಸರ್ಕಾರಿ ಗುರುತು) ಸಿಕ್ಕಿತು ಅಂತ ನಾವೇ ಎಷ್ಟು ಸಲ ಎದೆ ಉಬ್ಬಿಸಿ ಹೇಳಿಲ್ಲ. ಅದರ ತೊಟ್ಟು ಬಿಡಿಸಿದವರಲ್ಲಿ ನಮ್ಮ ಬೆಂಚಿನವರೂ ಇದ್ದರು ಅಂತ ಮಾತ್ರ ತಲೆಗೆ ಹೋಗಿರಲಿಲ್ಲ.

ಹಳೇ ಪಾಂಪ್ಲೆಟ್ ರದ್ದಿಗೆ ಹಾಕಿದೆ. ಸ್ವಂತ ಜೆರಾಕ್ಸ್ ಅಂಗಡಿ ಇದ್ದದ್ದಕ್ಕೆ ಒಂದು ಉಪಯೋಗ. ಹೊಸದರಲ್ಲಿ ಫೋಟೊ ಇಲ್ಲ, ಸುಮ್ನೆ ಒಂದು ಸಾಲು: ಪಾಸಾದವರು, ಫೇಲಾದವರು, ನಡುವೆ ಬಿಟ್ಟವರು ಎಲ್ಲರೂ ಬರ್ರಿ.

ಬಂದಿರಿ. ಅಷ್ಟು ಜನ ಬರುತ್ತೀರಿ ಅಂತ ನಿಜವಾಗಿಯೂ ಅಂದುಕೊಂಡಿರಲಿಲ್ಲ. ಕುರ್ಚಿ ಸಾಲದೆ ಜಮಖಾನೆ ಹಾಸಿದ್ದಕ್ಕೆ ಬೇಜಾರು ಮಾಡಿಕೊಳ್ಳದೆ ಕೂತಿರಿ.

ಬೆಳಿಗ್ಗೆ ಏರಿಸಿದ ಧ್ವಜ ಹೊಲಿದದ್ದು ನಮ್ಮ ಶಾಲೆಯದೇ ಒಬ್ಬ ಅಕ್ಕ. ರಾಷ್ಟ್ರಧ್ವಜ ತಯಾರಿಸುವ ಹುಬ್ಬಳ್ಳಿ ಬೆಂಗೇರಿಯ ಖಾದಿ ಸಂಘದಲ್ಲಿ ಆಕೆ ಕೆಲಸ ಮಾಡುತ್ತಾಳೆ. ತಾನೇ ತಂದು, ಹಗ್ಗದ ಗಂಟು ಎರಡು ಸಲ ನೋಡಿ, ಆಮೇಲೆ ಪಕ್ಕಕ್ಕೆ ಸರಿದು ನಿಂತಳು. ಮೈಕ್ ಹಿಡಿದು ಆಕೆ ಹೇಳಿದ್ದನ್ನು ನಾನು ಮರೆಯಲಾರೆ. ಚಕ್ರಕ್ಕೆ 24 ಗೆರೆ, ಈ ಕಡೆ ಚಕ್ರ ಆ ಕಡೆ ಚಕ್ರ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಅಗಲ ಎರಡಾದರೆ ಉದ್ದ ಮೂರು. ಅತೀ ದೊಡ್ಡ ಧ್ವಜ 21 ಅಡಿ ಉದ್ದ, 14 ಅಡಿ ಅಗಲ. 2021ರ ಕೊನೆಗೆ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಕೊಟ್ಟ ಮೇಲೆ ಕೆಲಸ ಕಡಿಮೆಯಾಗಿದೆ ಅಂತಲೂ ಹೇಳಿದಳು, ಅಳಲಿಲ್ಲ, ಸುಮ್ನೆ ಹೇಳಿದಳು. "ಎಂಟನೇತ್ತದಾಗ ಮೈಲಾರ ಮಹಾದೇವಪ್ಪನವರ ಮ್ಯಾಲೆ ಭಾಷಣಾ ಮಾಡಾಕ ಹೋಗಿ ಮರ್ತು ಅತ್ತಿದ್ನಿ. ಈಗ ಅದ ಖಾದಿ ನನಗ ಅನ್ನಾ ಹಾಕೇತಿ" ಅಂದಳು. ಮಹಾದೇವಪ್ಪನವರ ಊರು ಮೋಟೆಬೆನ್ನೂರು ನಮಗೆ ಪಕ್ಕದೂರು. 1930ರಲ್ಲಿ ಗಾಂಧೀಜಿ ಜೊತೆ ದಂಡಿಗೆ ನಡೆದು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡೇಟಿಗೆ ಬಲಿಯಾದ ಮನುಷ್ಯನ ಮೇಲಿನ ಭಾಷಣವನ್ನು ನಾವೆಲ್ಲ ಬಾಯಿಪಾಠ ಮಾಡಿದವರೇ. ಖಾದಿ ಹೊಲಿದವಳು ಇವಳೊಬ್ಬಳೇ.

1994ರ ಬ್ಯಾಚಿನ ನಮ್ಮ ಡ್ರೈವರ್ ಸಾಹೇಬರು ಟಿಸಿ ಹಿಡಿದುಕೊಂಡೇ ಬಂದಿದ್ದರು. ಅದರಲ್ಲಿ ಜಿಲ್ಲೆ ಧಾರವಾಡ ಅಂತಲೇ ಇದೆ, ಹಾವೇರಿ ಜಿಲ್ಲೆ ಆಗಿದ್ದು 1997ರಲ್ಲಿ ತಾನೇ. ತಡವಾಗಿ ಬಂದಿದ್ದಕ್ಕೆ ದಿನಾ ಮೊದಲ ಪೀರಿಯಡ್ ಹೊರಗೆ ನಿಂತವನು, ಈಗ ಅದೇ ಹಾದಿಯಲ್ಲಿ ಬಸ್ ಓಡಿಸುತ್ತಾನೆ. ಓಡಿ ಬರುವ ಮಕ್ಕಳು ಕಂಡರೆ ಎರಡು ನಿಮಿಷ ನಿಲ್ಲಿಸುತ್ತಾನಂತೆ. "ಡಿಪೋದಾಗ ಯಾರೂ ಹೇಳಬ್ಯಾಡ್ರಿ" ಅಂದಿದ್ದ. ಇಲ್ಲಿ ಬರೆದುಬಿಟ್ಟೆ, ಬೈಬೇಡಪ್ಪ.

2006-07ರಲ್ಲಿ ಸರ್ಕಾರದ ಸೈಕಲ್ ಬಂತಲ್ಲ, ಆ ಮೊದಲ ಸೈಕಲ್ಲಿನಲ್ಲಿ ಶಾಲೆಗೆ ಬಂದ ಹುಡುಗಿ ಈಗ ಹುಬ್ಬಳ್ಳಿಯಲ್ಲಿ ಸ್ಟಾಫ್ ನರ್ಸ್. ನೈಟ್ ಡ್ಯೂಟಿ ಮುಗಿಸಿ ನಿದ್ದೆ ಮಾಡದೆ ಬಂದು, ಹಿರಿಯರ ಬಿಪಿ ನೋಡಿದಳು. ಅವಳು ನೋಡಿದ ಮೇಲೆ ಹುಗ್ಗಿ ಕಡಿಮೆ ಖರ್ಚಾಯಿತು ಅಂತ ಅಡುಗೆಯವರ ದೂರು. ಡಾಕ್ಟರ್, ಇಂಜಿನಿಯರ್‌ಗಳೂ ಬಂದಿದ್ದರು. ಅವರ ಬಗ್ಗೆ ಮೊದಲ ಪಾಂಪ್ಲೆಟ್‌ನಲ್ಲೇ ಬರೆದಾಗಿದೆ. ಎಲೆ ಎತ್ತಿದ್ದಕ್ಕೆ ಮಾತ್ರ ಅವರಿಗೆ ಥ್ಯಾಂಕ್ಸ್.

ತೊಟ್ಟು ಬಿಡಿಸುವ ತಂಗಿ ಕೊನೆಗೆ ಮಾತಾಡಿದಳು. ಮಾತಾಡಿದಳು ಅನ್ನುವುದಕ್ಕಿಂತ, ನಮ್ಮ ಲೆಕ್ಕದ ಮಾಸ್ತರು ಮಾತಾಡಿಸಿದರು. ಕಿಲೋಗೆ ಎಷ್ಟು ಕೊಡುತ್ತಾರೆ, ದಿನಕ್ಕೆ ಎಷ್ಟು ಕಿಲೋ ಆಗುತ್ತದೆ ಅಂತ ಕೇಳಿ, ಕೂತಲ್ಲೇ ಗುಣಿಸಿ, "ಕಮ್ಮಿ ಆತಲ್ಲ ಯವ್ವಾ" ಅಂದರು. ಅವಳು ಥಟ್ಟನೆ, "ಲೆಕ್ಕ ನೀವ ಕಲಿಸೀರಿ, ನಮಗ ಬರ್ತೈತ್ರೀ ಸರ. ಕೊಡಾವ್ರಿಗೆ ಬರಬೇಕಲ್ರೀ" ಅಂದಳು. ಮಾಸ್ತರು ನಕ್ಕರು, ಆಮೇಲೆ ಬಹಳ ಹೊತ್ತು ಕನ್ನಡಕ ಒರೆಸಿಕೊಳ್ಳುತ್ತಾ ಕೂತರು.

ರೊಟ್ಟಿ ಬಡಿದುಕೊಟ್ಟ ಸ್ವಸಹಾಯ ಸಂಘದ ತಾಯಂದಿರಿಗೆ, ಪೆಂಡಾಲಿಗೆ ಬಾಡಿಗೆ ತಗೊಳ್ಳದ ಗೆಳೆಯನಿಗೆ, ಮರುದಿನ ಬಂದು ಮೈದಾನ ಗುಡಿಸಿದ ಈಗಿನ ಹತ್ತನೇ ತರಗತಿಯ ಮಕ್ಕಳಿಗೆ ಶರಣು. ಖರ್ಚಿನ ಲೆಕ್ಕ ಅಂಗಡಿ ಗೋಡೆಗೆ ಅಂಟಿಸಿದ್ದೇನೆ, ಬಂದು ನೋಡಿ. ಎಲ್ಲರ ಹೆಸರು ಬರೆಯುತ್ತಿರುವ ದಪ್ಪ ನೋಟ್‌ಬುಕ್ಕೂ ಅಲ್ಲೇ ಇದೆ, ಬರಲಾಗದವರು ಬಂದು ನಿಮ್ಮ ಕೈಯಿಂದಲೇ ಬರೆಯಿರಿ. 'ಬಿಟ್ಟ ಕಾರಣ'ದ ಕಾಲಂ ಹಾಕಿಲ್ಲ.

ಹಾಂ, ಒಂದು ಸ್ಟೀಲ್ ಡಬ್ಬಿ, ಅರ್ಧ ಶೇಂಗಾ ಚಟ್ನಿ ಸಮೇತ ಉಳಿದಿದೆ. ಯಾರದು ಅಂತ ಬೇಗ ಹೇಳಿ. ಚಟ್ನಿ ದಿನಾ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತಿದೆ.