ದುಡ್ಡು ನಾವೇ ಹಾಕುತ್ತೇವೆ, ನರ್ಸರಿಯವರಿಗೊಂದು ಮಂಡಳಿ ಮಾಡಿಕೊಡಿ

ಮಾನ್ಯ ತೋಟಗಾರಿಕೆ ಸಚಿವರಿಗೆ,

ನಮಸ್ಕಾರ. ನಾನು ಮಾಲೂರು ತಾಲ್ಲೂಕಿನಲ್ಲಿ ತರಕಾರಿ ಸಸಿ ಬೆಳೆಯುವವನು. ನಮ್ಮ ಕಡೆ ನಾರು ಅಂತಾರೆ. ಅಪ್ಪನ ಕಾಲದಲ್ಲಿ ಒಟ್ಲು ಪಾತಿ ಮಾಡಿ ಬೀಜ ಚೆಲ್ಲುತ್ತಿದ್ದರು. ಈಗ 98 ಗುಣಿಯ ಟ್ರೇ, ತೆಂಗಿನ ನಾರಿನ ಪುಡಿ, ನೆರಳು ಪರದೆ. ವರ್ಷಕ್ಕೆ ಸುಮಾರು 20 ಲಕ್ಷ ಸಸಿ ನಮ್ಮ ಗೇಟು ದಾಟುತ್ತೆ. ಸಬ್ಸಿಡಿ ಕೇಳೋಕೆ ಈ ಪತ್ರ ಬರೆಯುತ್ತಿಲ್ಲ. ನಮ್ಮ ಹತ್ತಿರವೇ ದುಡ್ಡು ವಸೂಲಿ ಮಾಡಿ ಅಂತ ಕೇಳೋಕೆ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದಿನ ಮಾತು. ಚಿಂತಾಮಣಿ ಕಡೆಯ ರೈತರೊಬ್ಬರು ಎರಡು ಎಕರೆಗೆ 12 ಸಾವಿರ ಟೊಮೆಟೊ ಸಸಿ ತಗೊಂಡು ಹೋದರು. ಬೀಜದ ಪೊಟ್ಟಣ ಅವರೇ ತಂದುಕೊಟ್ಟಿದ್ದರು. ನಾಟಿ ಮಾಡಿ ಹದಿನೈದು ದಿನಕ್ಕೆ ಫೋನ್ ಬಂತು. ಹೋಗಿ ನೋಡಿದರೆ ಸಾಲಿಗೆ ಸಾಲೇ ಎಲೆ ಮುದುಡಿಕೊಂಡು, ಅಂಚು ಹಳದಿಯಾಗಿ, ಗಿಡ ಮೇಲಕ್ಕೆ ಏಳದೆ ಕೂತಿದೆ. ಬಿಳಿ ನೊಣ ಹರಡುವ ಎಲೆ ಮುದುಡು ರೋಗ. ‘ನಿನ್ನ ಶೆಡ್ಡಿಂದಲೇ ಬಂದಿದ್ದು’ ಅಂದರು ಅವರು. ‘ನಿಮ್ಮ ಪಕ್ಕದ ಹಳೇ ತೋಟದಿಂದ ಬಂದಿದ್ದು’ ಅಂದೆ ನಾನು. ಬೀಜದ ಕಂಪನಿಯ ಹುಡುಗ ಬಂದು ಇಬ್ಬರ ಮುಖವನ್ನೂ ನೋಡಿ, ಬೀಜದಲ್ಲಿ ಏನೂ ತೊಂದರೆ ಇಲ್ಲ ಅಂತ ಬೈಕ್ ಹತ್ತಿದ. ಕೊನೆಗೆ ಸಸಿಯ ದುಡ್ಡಲ್ಲಿ ಅರ್ಧ ವಾಪಸ್ ಕೊಟ್ಟೆ. ನಿಜ ಹೇಳಬೇಕು ಅಂದ್ರೆ, ತಪ್ಪು ಯಾರದು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ನೊಣ ಒಳಗೆ ಬರದಂತೆ ತಡೆಯಬೇಕಾದ ನನ್ನ ಪರದೆ ಒಂದು ಕಡೆ ಅಂಗೈಯಗಲ ಹರಿದಿತ್ತು ಅನ್ನೋದೂ ನಿಜ.

ಸಸಿ ಕೊಡುವ ದಿನವೇ ನಾಲ್ಕು ಸಸಿ ತೆಗೆದು ಪರೀಕ್ಷೆಗೆ ಕಳಿಸುವ ಜಾಗ ಹತ್ತಿರದಲ್ಲಿ ಇದ್ದಿದ್ದರೆ ಈ ಜಗಳವೇ ಇರುತ್ತಿರಲಿಲ್ಲ, ಅಲ್ವಾ? ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ (ಐಐಎಚ್‌ಆರ್) ದೊಡ್ಡ ವಿಜ್ಞಾನಿಗಳಿದ್ದಾರೆ. ರೋಗ ತಡೆಯುವ ಅರ್ಕಾ ರಕ್ಷಕ್ ಟೊಮೆಟೊ ಕೊಟ್ಟವರು ಅವರೇ. ಆದರೆ ಅವರ ಕೆಲಸ ಸಂಶೋಧನೆ. ದಿನಾ ನಮ್ಮ ಟ್ರೇ ನೋಡುತ್ತಾ ಕೂರೋಕೆ ಆಗುತ್ತಾ?

ಟೊಮೆಟೊದಲ್ಲಾದರೆ ಹೋದದ್ದು ಮೂರು ತಿಂಗಳು. ದಾಳಿಂಬೆಯವರ ಕಥೆ ಕೇಳಿ. ದುಂಡಾಣು ಅಂಗಮಾರಿ ರೋಗ ಗೂಟಿ ಗಿಡದ (ಕೊಂಬೆಯಲ್ಲೇ ಬೇರು ಬರಿಸಿ ಮಾಡಿದ ಗಿಡ) ಜೊತೆಗೇ ತೋಟಕ್ಕೆ ಬಂದರೆ ವರ್ಷಗಳ ಲೆಕ್ಕವೇ ಮುಳುಗುತ್ತೆ. ಮಾವಿನ ಕಸಿ ಗಿಡ ಬೇರೆ ತಳಿ ಅಂತ ಗೊತ್ತಾಗೋದು ಕಾಯಿ ಬಿಟ್ಟಾಗ. ಅಷ್ಟರಲ್ಲಿ ಮಾರಿದವನ ಬೋರ್ಡೂ ಇರಲ್ಲ.

ಕೇಂದ್ರ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿದ, ರೋಗವಿಲ್ಲದ ನಾಟಿ ಗಿಡ ಒದಗಿಸುವ ಕ್ಲೀನ್ ಪ್ಲಾಂಟ್ ಯೋಜನೆಯಲ್ಲಿ ದೇಶಕ್ಕೆ 9 ಕೇಂದ್ರ, 1,765 ಕೋಟಿ ರೂಪಾಯಿಗೂ ಜಾಸ್ತಿ. ಒಳ್ಳೆಯದೇ. ಆದರೆ ಅದು ಹಣ್ಣಿನ ಗಿಡಗಳಿಗೆ. ನಮ್ಮ ಟೊಮೆಟೊ, ಮೆಣಸಿನಕಾಯಿ, ಕೋಸಿನ ನಾರಿಗೆ ಅಲ್ಲಿ ಜಾಗ ಇಲ್ಲ.

ಅದಕ್ಕೇ ಸಸಿ ಪರೀಕ್ಷೆಯಂಥ ಕೆಲಸ ನೋಡಿಕೊಳ್ಳೋಕೆ ನಮ್ಮದೇ ದುಡ್ಡಲ್ಲಿ ನಡೆಯುವ ಮಂಡಳಿ ಬೇಕು. ಆಸ್ಟ್ರೇಲಿಯಾದಲ್ಲಿ ನರ್ಸರಿಯವರು ಒಂದು ಸುಲಭ ದಾರಿ ಹಿಡಿದರು. ಗಿಡ ಎಣಿಸುತ್ತಾ ಕೂರಲಿಲ್ಲ. ಗಿಡ ಇಡುವ ಕುಂಡದ ಸಗಟು ಬೆಲೆಯ ಮೇಲೆ ಶೇ 5 ಶುಲ್ಕ ಹಾಕಿಸಿಕೊಂಡರು. ಆ ದುಡ್ಡು ಸಂಶೋಧನೆ, ಮಾರುಕಟ್ಟೆ, ರೋಗ ತಡೆ ಅಂತ ಅವರ ಕೆಲಸಕ್ಕೇ ಹೋಯಿತು. ಇಲ್ಲಿ ಟ್ರೇ, ಪಾಲಿಥಿನ್ ಚೀಲ, ಕುಂಡ ಮಾರುವಲ್ಲೇ ಹಿಡಿದುಕೊಂಡರೆ ಆಯ್ತು. ಇನ್‌ಸ್ಪೆಕ್ಟರು ನಮ್ಮ ಶೆಡ್ಡಿಗೆ ಬರೋ ಅಗತ್ಯವೇ ಇಲ್ಲ. (ಬರದಿದ್ದರೆ ಇನ್ನೂ ಒಳ್ಳೆಯದು.) ನನ್ನ ಲೆಕ್ಕ ಹೇಳುತ್ತೇನೆ. ಹಳೇ ಟ್ರೇ ತೊಳೆದು ಮತ್ತೆ ಬಳಸಿದರೂ ವರ್ಷಕ್ಕೆ 8 ಸಾವಿರ ಹೊಸ ಟ್ರೇ ಬೇಕು. 20 ರೂಪಾಯಿಯಂತೆ 1 ಲಕ್ಷ 60 ಸಾವಿರ. ಶೇ 5 ಅಂದ್ರೆ 8 ಸಾವಿರ ರೂಪಾಯಿ. ಆವತ್ತು ಒಬ್ಬ ರೈತರಿಗೆ ವಾಪಸ್ ಕೊಟ್ಟಿದ್ದರ ಹತ್ತಿರಹತ್ತಿರ ಅಷ್ಟೇ.

ಇದನ್ನು ಕೇಳಿ ನನ್ನ ಭಾವಮೈದ ನಕ್ಕ. ‘ಸಸಿಗೆ ಜಿಎಸ್‌ಟಿ ಇಲ್ಲ ಅಂತ ಖುಷಿಯಾಗಿರೋದು ಬಿಟ್ಟು, ಇಲ್ಲದ ತೆರಿಗೆ ಕೇಳಿ ಹಾಕಿಸಿಕೊಳ್ತೀಯಾ? ಸಂಘ ಮಾಡಿಕೊಂಡು ಚಂದಾ ಎತ್ತಿ ಸಾಕು’ ಅಂದ. ಎತ್ತಿದ್ದೆವು. ಮೊದಲ ತಿಂಗಳು ಎಲ್ಲರೂ ಕೊಟ್ಟರು, ನಾಲ್ಕನೇ ತಿಂಗಳಿಗೆ ಏಳು ಜನ ಉಳಿದೆವು. ಕೊಡದವನಿಗೂ ಅನುಕೂಲ ಸಿಗುತ್ತೆ ಅಂದ ಮೇಲೆ ಕೊಡುವವನು ಯಾಕೆ ಕೊಡುತ್ತಾನೆ? ಕಾಯ್ದೆ ಬೇಕು ಅನ್ನೋದು ಇದಕ್ಕೇ. ಕಟ್ಟಡ ಕಾರ್ಮಿಕರ ಮಂಡಳಿಗೆ ಕಟ್ಟಡದ ವೆಚ್ಚದ ಶೇ 1 ಸೆಸ್ ಬರುವುದೂ ಕಾಯ್ದೆಯಿಂದಲೇ ತಾನೇ.

ಆದರೆ ಒಂದು ಭಯ ಇದೆ ಸ್ವಾಮಿ, ಮುಚ್ಚಿಟ್ಟು ಪ್ರಯೋಜನ ಇಲ್ಲ. ನಿಗಮ, ಮಂಡಳಿ ಅಂದ ಕೂಡಲೇ ಟಿಕೆಟ್ ತಪ್ಪಿದವರಿಗೊಂದು ಕುರ್ಚಿ, ಒಂದು ಕಾರು ಅಂತ ಆಗಿಬಿಟ್ಟಿದೆ. ನಮ್ಮ ಮಂಡಳಿಗೆ ಅಧ್ಯಕ್ಷರು ನರ್ಸರಿ ನಡೆಸುವವರೇ ಆಗಬೇಕು, ನಮ್ಮ ಓಟಿನಿಂದಲೇ ಬರಬೇಕು. ದುಡ್ಡು ಖಜಾನೆಗೆ ಹೋಗಿ ಅಲ್ಲಿಂದ ನಾವು ಬೇಡಿ ತರುವ ಹಾಗೆ ಆಗಬಾರದು. ಇಲಾಖೆಯವರು ಇರಲಿ, ಲೆಕ್ಕ ನೋಡಲಿ. ಮನೆ ಹಿತ್ತಲಲ್ಲಿ ಗುಲಾಬಿ, ಕರಿಬೇವಿನ ಗಿಡ ಮಾಡಿ ಸಂತೆಯಲ್ಲಿ ಮಾರುವ ಹೆಣ್ಣುಮಕ್ಕಳಿಗೆ ಶುಲ್ಕ ಬೇಡವೇ ಬೇಡ. ಐದು ವರ್ಷಕ್ಕೊಮ್ಮೆ, ಈ ಮಂಡಳಿ ಇರಬೇಕಾ ಬೇಡವಾ ಅಂತ ನಮ್ಮನ್ನೇ ಕೇಳಬೇಕು. ಬೇಡ ಅಂದರೆ ಬಾಗಿಲು ಹಾಕಿ.

ಕಾಯ್ದೆ ಮಾಡುವ ಮೊದಲೂ ಒಂದು ಓಟು ಹಾಕಿಸಿ. ಕೋಲಾರ, ಚಿಕ್ಕಬಳ್ಳಾಪುರ ಎರಡು ಜಿಲ್ಲೆಯಿಂದ ಶುರು ಮಾಡಿದರೂ ಸರಿ. ಬೇಸಿಗೆಯಲ್ಲಿ ಮಾತ್ರ ಬೆಳಗ್ಗೆ ಹತ್ತರೊಳಗೆ ಇಡಿಸಿ, ಆಮೇಲೆ ನಾವೆಲ್ಲ ನೀರು ಹಾಯಿಸುತ್ತಿರುತ್ತೇವೆ.

ಇಂತಿ,
ಮಾಲೂರು ತಾಲ್ಲೂಕಿನ ಒಬ್ಬ ನರ್ಸರಿ ಬೆಳೆಗಾರ