ಸ್ವಾಸ್ಥ್ಯ ಶಿಕ್ಷಣಕ್ಕೆ ಮೈದಾನವೂ ತರಗತಿಯಾಗಲಿ

ಮಾನ್ಯರೇ,

ಕ್ರೀಡೆ, ಮನರಂಜನೆ ಮತ್ತು ಸ್ವಾಸ್ಥ್ಯವನ್ನು ಕೇಂದ್ರವಾಗಿಟ್ಟುಕೊಂಡ ಸಮುದಾಯ ಶಿಕ್ಷಣದ ಪದವಿ ವ್ಯಾಸಂಗದಲ್ಲಿ ಕ್ಷೇತ್ರಕಾರ್ಯಕ್ಕೆ ಹೆಚ್ಚಿನ ಒತ್ತು ಸಿಗಬೇಕು. ದೈಹಿಕ ಶಿಕ್ಷಣ ಮತ್ತು ಕ್ರೀಡೆ ಎಲ್ಲರ ಮೂಲಭೂತ ಹಕ್ಕು ಎಂದು ಯುನೆಸ್ಕೊ 1978ರಲ್ಲೇ ಸಾರಿದೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ದೈಹಿಕ ಚಟುವಟಿಕೆಯಲ್ಲಿ ತೊಡಗಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ಇವನ್ನೆಲ್ಲ ಬಾಯಿಪಾಠ ಮಾಡಿ ಪರೀಕ್ಷೆ ಪಾಸಾಗಬಹುದು. ಆದರೆ ಮಂಡಿನೋವಿಗೆ ಹೆದರಿ ಉದ್ಯಾನದ ಬೆಂಚು ಬಿಟ್ಟೇಳದ ಹಿರಿಯರನ್ನು, ಆಟವೆಂದರೆ ಗೆಲ್ಲುವವರಿಗೆ ಮಾತ್ರ ಎಂದುಕೊಂಡು ಮೈದಾನದಂಚಿನಲ್ಲೇ ನಿಂತುಬಿಡುವ ಹುಡುಗಿಯನ್ನು ಒಲಿಸಿ ಕರೆತರುವ ಕೌಶಲ ಪುಸ್ತಕದಿಂದ ಬರುವುದಿಲ್ಲ (ತರಬೇತುದಾರರ ಸೀಟಿಯಿಂದಂತೂ ಖಂಡಿತ ಬಾರದು). ಆದ್ದರಿಂದ ವಿದ್ಯಾರ್ಥಿಗಳು ಒಂದು ಸೆಮಿಸ್ಟರ್ ಪೂರ್ತಿ ಒಂದೇ ಬಡಾವಣೆಯಲ್ಲಿ ಚಟುವಟಿಕೆ ನಡೆಸುವುದನ್ನು ವಿಶ್ವವಿದ್ಯಾಲಯಗಳು ಕಡ್ಡಾಯಗೊಳಿಸಿ, ಅಂಕ ನೀಡುವಾಗ ಅಲ್ಲಿನ ನಿವಾಸಿಗಳ ಅಭಿಪ್ರಾಯವನ್ನೂ ಪರಿಗಣಿಸಲಿ.