ಬೆಳಿಗ್ಗೆ ಪರೀಕ್ಷೆ, ಸಂಜೆ ರಿಪೋರ್ಟ್ ಇನ್ನು ಇಲ್ಲ

ಪ್ರಿಯ ವಿದ್ಯಾರ್ಥಿಗಳೇ, ಪೋಷಕರೇ,

ಡಿಗ್ರಿ, ಬಿಇ, ಪಿಜಿ ಓದುತ್ತಿರುವವರಿಗೆ ನಮ್ಮ ದಾವಣಗೆರೆ ಕೇಂದ್ರದಲ್ಲಿ ಮಾಡುವ ಡಿಸ್ಲೆಕ್ಸಿಯಾ (ಬುದ್ಧಿ ಚೆನ್ನಾಗಿದ್ದರೂ ಓದು, ಬರಹ ಕಷ್ಟವಾಗುವ ತೊಂದರೆ) ಪರೀಕ್ಷೆ ಜುಲೈ 1ರಿಂದ ಒಂದೇ ದಿನದಲ್ಲಿ ಮುಗಿಯುವುದಿಲ್ಲ. ಮೂರು ಸಲ ಕೂರಬೇಕು. ರಿಪೋರ್ಟ್ ಕೈಸೇರಲು ಸುಮಾರು ಮೂರು ವಾರ ಆಗುತ್ತದೆ. ಶುಲ್ಕ 3,500 ರೂಪಾಯಿಯಿಂದ 5,000ಕ್ಕೆ ಏರುತ್ತದೆ. ಎರಡು ಕಂತಿನಲ್ಲಿ ಕೊಡಬಹುದು. ಈಗಾಗಲೇ ದಿನ ಗೊತ್ತು ಮಾಡಿಕೊಂಡವರಿಗೆ ಹಳೇ ಶುಲ್ಕವೇ.

ಚನ್ನಗಿರಿ, ಹೊಸದುರ್ಗದಿಂದ ಬಸ್ ಹತ್ತಿ ಬರುವವರಿಗೆ ಇದು ಕಷ್ಟವೇ. ಅದಕ್ಕೇ ಮೊದಲ ಸಲದ ಮಾತುಕತೆಯನ್ನು ಫೋನಿನಲ್ಲೂ ಮಾಡುತ್ತೇವೆ.

ಇಷ್ಟು ಹೊತ್ತು ಯಾಕೆ ಬೇಕು? ನಮ್ಮ ದೇಶದಲ್ಲಿ ಹೆಚ್ಚು ಬಳಕೆಯಲ್ಲಿರುವ ನಿಮ್ಹಾನ್ಸ್ ಬ್ಯಾಟರಿ (ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಪರೀಕ್ಷೆಗಳ ಗುಚ್ಛ) ಪ್ರಾಥಮಿಕ ಶಾಲೆಯ ಮಕ್ಕಳಿಗಾಗಿ ಮಾಡಿದ್ದು. ಕನ್ನಡದಲ್ಲೂ ಸಿಗುವ ಡಾಲಿ ಪರೀಕ್ಷೆ ಐದನೇ ಕ್ಲಾಸಿನವರೆಗಿನದು. ಇಪ್ಪತ್ತು ವರ್ಷದವರು ಅದನ್ನು ಸಲೀಸಾಗಿ ಮುಗಿಸಿಬಿಡಬಹುದು. ಹಾಗಂತ ತೊಂದರೆ ಇಲ್ಲ ಎಂದಲ್ಲ. ಕಾಲೇಜಿನವರೆಗೆ ಬಂದ ಹುಡುಗ ಹುಡುಗಿಯರು ತಮ್ಮ ತೊಂದರೆಯನ್ನು ಮುಚ್ಚಿಕೊಳ್ಳುವ ಉಪಾಯಗಳನ್ನು ಅಷ್ಟರಲ್ಲಿ ಚೆನ್ನಾಗಿ ಕಲಿತಿರುತ್ತಾರೆ. ಸ್ನೇಹಿತರಿಂದ ಪಾಠ ಕೇಳಿಸಿಕೊಂಡು ಪಾಸಾಗುತ್ತಾರೆ. ಮೊದಲಕ್ಷರ ನೋಡಿ ಉಳಿದದ್ದನ್ನು ಊಹಿಸುತ್ತಾರೆ.

ಈ ಊಹೆಯನ್ನು ಹಿಡಿಯಲು ನಮ್ಮ ಹತ್ತಿರ ಒಂದು ಹಾಳೆ ಇದೆ. ಅದರಲ್ಲಿ 'ಟಮಿಪು', 'ಕ್ಲೊರನು', 'ಗುಸ್ತ್ರಿಪ' ಥರದ ಅರ್ಥವೇ ಇಲ್ಲದ ಪದಗಳಿರುತ್ತವೆ. 'ರಾಷ್ಟ್ರೀಯ' ಎಂದು ಥಟ್ಟನೆ ಓದಿದವರು 'ಗುಸ್ತ್ರಿಪ' ಬಂದಾಗ ನಿಂತುಬಿಡುತ್ತಾರೆ. ಮೊದಲನೆಯದು ಕಣ್ಣಿಗೆ ರೂಢಿಯಾದ ಪದ. ಎರಡನೆಯದನ್ನು ಒತ್ತಕ್ಷರ ಬಿಡಿಸಿಯೇ ಓದಬೇಕು. ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಹಾಗಾಗಿ ಡಿಸ್ಲೆಕ್ಸಿಯಾ ಇದ್ದವರೂ ದೊಡ್ಡವರಾದ ಮೇಲೆ ತಪ್ಪು ಕಡಿಮೆ ಮಾಡಬಹುದು, ಆದರೆ ತುಂಬಾ ನಿಧಾನ ಓದುತ್ತಾರೆ. ತಪ್ಪನ್ನಷ್ಟೇ ಎಣಿಸಿದರೆ ಅವರು ನಮ್ಮ ಪರೀಕ್ಷೆಯ ಕಣ್ಣಿಗೆ ಬೀಳದೆ ಜಾರಿಹೋಗುತ್ತಾರೆ. ಅದಕ್ಕೇ ಗಡಿಯಾರ ಇಟ್ಟುಕೊಂಡು ಕೂರುತ್ತೇವೆ.

ಎರಡನೇ ಸಲ ಕನ್ನಡ, ಇಂಗ್ಲಿಷ್ ಎರಡರಲ್ಲೂ ಓದಿಸಿ ಬರೆಸುತ್ತೇವೆ. ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿ ಸೈನ್ಸ್‌ನಿಂದ ಎಲ್ಲವೂ ಇಂಗ್ಲಿಷ್ ಆದವರು ಈ ಭಾಗದಲ್ಲಿ ಬಹಳ. ಕನ್ನಡ ಸರಾಗ, ಇಂಗ್ಲಿಷ್ ಮಾತ್ರ ತಡವರಿಕೆ ಎಂದಾದರೆ ಅದು ಬಹುಮಟ್ಟಿಗೆ ಅಭ್ಯಾಸದ ಕೊರತೆ. ಅಂಥವರಿಗೆ ಸುಮ್ನೆ ಡಿಸ್ಲೆಕ್ಸಿಯಾ ಎಂದು ಹಣೆಪಟ್ಟಿ ಹಚ್ಚಿದರೆ ಯಾರಿಗೆ ಉಪಯೋಗ? ಮನೆಯಲ್ಲಿ ಉರ್ದು, ಲಂಬಾಣಿ, ತೆಲುಗು ಮಾತಾಡುವವರಿದ್ದರೆ ಅದನ್ನೂ ಮೊದಲೇ ಹೇಳಿ.

ಮೂರನೇ ಸಲ ಬುದ್ಧಿಶಕ್ತಿ ಪರೀಕ್ಷೆ, ಗಮನ ಮತ್ತು ನೆನಪಿನ ಪರೀಕ್ಷೆಗಳು. ನಿದ್ದೆ, ಆತಂಕದ ಬಗ್ಗೆಯೂ ಕೇಳುತ್ತೇವೆ.

ಇನ್ನು ಜಾಸ್ತಿ ಜನ ಕೇಳುವ ಪ್ರಶ್ನೆ: "ಈ ರಿಪೋರ್ಟ್ ತೋರಿಸಿದರೆ ಸ್ಕ್ರೈಬ್ (ಪರೀಕ್ಷೆಯಲ್ಲಿ ನಮ್ಮ ಪರವಾಗಿ ಉತ್ತರ ಬರೆಯುವವರು) ಸಿಗುತ್ತಾ?" ನಮ್ಮ ರಿಪೋರ್ಟ್ ಸರ್ಕಾರಿ ಅಂಗವೈಕಲ್ಯ ಪ್ರಮಾಣಪತ್ರ ಅಲ್ಲ. ಅದನ್ನು ಕೊಡುವುದು ಸರ್ಕಾರಿ ಆಸ್ಪತ್ರೆಯ ವೈದ್ಯಕೀಯ ಮಂಡಳಿ, ಅಂಗವಿಕಲರ ಗುರುತಿನ ಚೀಟಿಗಾಗಿ ಇರುವ ಯುಡಿಐಡಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ ಮೇಲೆ. ಅಲ್ಲಿಗೆ ಹೋಗುವಾಗ ನಮ್ಮ ರಿಪೋರ್ಟ್ ಜೊತೆಗಿರಲಿ, ತೀರ್ಮಾನ ಮಾತ್ರ ಅವರದೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ, ಡಿಸ್ಲೆಕ್ಸಿಯಾ ಅದರಲ್ಲೇ ಬರುತ್ತದೆ. ನ್ಯೂನತೆ ಶೇ. 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರ ಸಿಕ್ಕವರಿಗೆ ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕು ಎಂದು ಕೇಂದ್ರ ಸರ್ಕಾರದ ಮಾರ್ಗಸೂಚಿ ಹೇಳುತ್ತದೆ. ನಿಮ್ಮ ಕಾಲೇಜು, ವಿಶ್ವವಿದ್ಯಾಲಯದ ಕ್ರಮ ಏನು ಎಂದು ಪರೀಕ್ಷಾ ವಿಭಾಗದಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ.

"ಮೇಡಂ, ಸೋಮವಾರ ಎಕ್ಸಾಮು, ಒಂದು ಲೆಟರ್ ಕೊಡಿ" ಎಂದು ಶುಕ್ರವಾರ ಬರುವವರಿಗೆ ಇನ್ನು ನಾವು ಏನೂ ಕೊಡಲಾಗುವುದಿಲ್ಲ. ಸೆಮಿಸ್ಟರ್ ಶುರುವಾದಾಗಲೇ ಬನ್ನಿ. ಡಿಸ್ಲೆಕ್ಸಿಯಾ ಇಲ್ಲ ಎಂದು ಗೊತ್ತಾದರೂ ರಿಪೋರ್ಟ್ ಕೊಡುತ್ತೇವೆ, ಓದಿಗೆ ಏನು ಮಾಡಬಹುದು ಎಂಬುದನ್ನು ಅದರಲ್ಲೇ ಬರೆದಿರುತ್ತೇವೆ.

ಬರುವಾಗ ಪ್ರಾಥಮಿಕ ಶಾಲೆಯ ಪ್ರಗತಿ ಪತ್ರ, ಹಳೇ ನೋಟ್‌ಬುಕ್ ಸಿಕ್ಕರೆ ತನ್ನಿ. ಅಟ್ಟದ ಮೇಲಿದ್ದರೆ ಒಮ್ಮೆ ಹುಡುಕಿಸಿ, ಏಳೆಂಟು ವರ್ಷ ವಯಸ್ಸಿನಲ್ಲಿ ಬರೆದ ಪುಟ ತುಂಬಾ ಸಹಾಯಕ್ಕೆ ಬರುತ್ತದೆ. ಕಣ್ಣು, ಕಿವಿ ತಪಾಸಣೆ ಇತ್ತೀಚೆಗೆ ಆಗಿಲ್ಲದಿದ್ದರೆ ಮುಗಿಸಿಕೊಂಡು ಬನ್ನಿ. ಕನ್ನಡಕ ಮರೆಯಬೇಡಿ. ಬಾಲ್ಯದ ವಿಷಯ ಗೊತ್ತಿರುವ ಅಮ್ಮನೋ ಅಜ್ಜಿಯೋ ಮೊದಲ ದಿನ ಜೊತೆಗಿದ್ದರೆ, ಇಲ್ಲವೇ ಫೋನಿಗೆ ಸಿಕ್ಕರೆ ಒಳ್ಳೆಯದು. ದಿನ ಗೊತ್ತು ಮಾಡಿಕೊಳ್ಳಲು ಭಾನುವಾರ ಬಿಟ್ಟು ಉಳಿದ ದಿನ ಸಂಜೆ 4ರಿಂದ 7ರೊಳಗೆ ಕೇಂದ್ರಕ್ಕೆ ಫೋನ್ ಮಾಡಿ.

ಇಂತಿ,
ಕೇಂದ್ರದ ಬಳಗ, ದಾವಣಗೆರೆ